ಇಂಗ್ಲೆಂಡಿನಲ್ಲಿ ದೇಶಕ್ಕೇ ಒಂದು ಅಧಿಕೃತ ಚರ್ಚ್ ಯಾಕೆ? ಸಮರ್ಥಿಸುವವರು ಏನನ್ನುತ್ತಾರೆ?

ಡೊಂಬಿವಲಿ ರಾವ್:

ಎಲ್ಲರಿಗೂ ನಮಸ್ಕಾರ. ಮಗ, ಸೊಸೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ. ಮೊಮ್ಮಗಳು ಸೆಪ್ಟೆಂಬರಿಗೆ ಶಾಲೆ ಸೇರಬೇಕು. ಮನೆ ಹತ್ತಿರದ ಪ್ರೈಮರಿಯಲ್ಲೇ ಸೀಟು ಸಿಕ್ಕಿದೆ. ಫೀಸಿಲ್ಲ, ಖರ್ಚೆಲ್ಲ ಸರ್ಕಾರದ್ದು, ಮಗು ನಡೆದುಕೊಂಡೇ ಹೋಗಬಹುದು. ಆದರೆ ಗೇಟಿನ ಬೋರ್ಡಿನಲ್ಲಿ ‘ಚರ್ಚ್ ಆಫ್ ಇಂಗ್ಲೆಂಡ್ ಪ್ರೈಮರಿ ಸ್ಕೂಲ್’ ಅಂತ ಬರೆದಿದೆ. ಸೊಸೆ ಫೋಟೋ ಕಳಿಸಿದ್ದೇ ತಡ, ನಮ್ಮ ಮನೆಯಾಕೆಗೆ ಊಟ ಸೇರುತ್ತಿಲ್ಲ. ‘ಮಗುವಿಗೆ ಅಲ್ಲಿ ಏನು ಕಲಿಸುತ್ತಾರೋ’ ಅಂತ ಒಂದೇ ರಾಗ.

ನನ್ನ ತಲೆಬಿಸಿ ಸ್ವಲ್ಪ ಬೇರೆ. ಬೆಳಗ್ಗೆ ವಾಕಿಂಗಿಗೆ ಬರುವ ನಮ್ಮ ಗುಂಪಿನಲ್ಲಿ ವಿಷಯ ಎತ್ತಿದೆ. ‘ಅದು ರಾಜ ಹೆಂಡತಿ ಬಿಡಲಿಕ್ಕೆ ಕಟ್ಟಿದ ಚರ್ಚು, ಈಗಲೂ ರಾಜನೇ ಅದಕ್ಕೆ ಯಜಮಾನ, ಬಿಷಪ್ಪರು ಚುನಾವಣೆ ಇಲ್ಲದೆ ಪಾರ್ಲಿಮೆಂಟಿನಲ್ಲಿ ಕೂರುತ್ತಾರೆ, ಇವರು ನಮಗೆ ಜಾತ್ಯತೀತತೆ ಹೇಳಿಕೊಡುತ್ತಾರೆ’ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಒಂದು ಸಂಶಯ ಬಂತು: ಅಷ್ಟು ಓದಿಕೊಂಡ ದೇಶ, ಇಷ್ಟು ಕಾಲ ಅದನ್ನು ಉಳಿಸಿಕೊಂಡಿದೆ ಅಂದರೆ ಅದರ ಪರ ವಾದ ಏನಾದರೂ ಇರಲೇಬೇಕಲ್ಲ? ವಿರೋಧದ ವಾದ ಎಲ್ಲ ಕಡೆ ಸಿಗುತ್ತದೆ. ಪರ ವಾದ ಗೊತ್ತಿರುವವರು ದಯವಿಟ್ಟು ಬರೆಯಿರಿ. ಜಗಳ ಬೇಡ.

ಥಾಣೆ ಪ್ರಸಾದ್:

ಸಾರ್, ಪರ ವಾದ ಅಂತ ಏನೂ ಇಲ್ಲ, ಹಳೇ ಅಭ್ಯಾಸ ಅಷ್ಟೆ. ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸೀಟು. ಯಾರು ಓಟು ಹಾಕಿದ್ದು? 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಅಂತ ಬರೆಸಿಕೊಂಡವರೇ ಶೇ. 46.2. ಅದರಲ್ಲಿ ಕ್ಯಾಥೊಲಿಕರು, ಮೆಥಡಿಸ್ಟರು ಎಲ್ಲ ಸೇರಿದ್ದಾರೆ. ಭಾನುವಾರ ಈ ಚರ್ಚಿಗೆ ಹೋಗುವವರು ಹತ್ತು ಲಕ್ಷವೂ ಇಲ್ಲ. ಪಟ್ಟಕ್ಕೆ ಬರುವವನು ಕ್ಯಾಥೊಲಿಕ್ ಆಗಿರಬಾರದು ಅಂತ 1701ರ ಕಾನೂನು ಇವತ್ತಿಗೂ ಇದೆ. ಇದನ್ನೇ ನಮ್ಮಲ್ಲಿ ಯಾರಾದರೂ ಮಾಡಿದ್ದರೆ ಇದೇ ಇಂಗ್ಲಿಷರು ಎಷ್ಟು ಪುಟ ಬರೆಯುತ್ತಿದ್ದರು ಯೋಚನೆ ಮಾಡಿ. ಸ್ವೀಡನ್ 2000ದಲ್ಲಿ ತನ್ನ ಸರ್ಕಾರಿ ಚರ್ಚಿನ ನಂಟಿನಿಂದ ಕೈ ತೊಳೆದುಕೊಂಡಿತು. ಇವರೂ ಬಿಟ್ಟು ಸುಮ್ಮನಾಗಲಿ.

ಬಲ್ಮಠದವ, ಬೈಕಲಾ:

ರಾಯರೇ, ನ್ಯಾಯವಾಗಿ ನೋಡಿದರೆ ಆ ಚರ್ಚಿನ ಪರ ವಕಾಲತ್ತು ಮಾಡುವ ಜನ ನಾವಲ್ಲ. ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಮನೆ. 1834ರಲ್ಲಿ ನಮ್ಮೂರಿಗೆ ಬಂದ ಮಿಶನ್ ಜರ್ಮನರದ್ದು, ಸ್ವಿಸ್ಸರದ್ದು. ಮೊದಲ ಮಹಾಯುದ್ಧದಲ್ಲಿ ಇದೇ ಇಂಗ್ಲಿಷ್ ಸರ್ಕಾರ ನಮ್ಮ ಜರ್ಮನ್ ಮಿಶನರಿಗಳನ್ನು ಹಿಡಿದು ಇಲ್ಲೇ ಅಹ್ಮದ್‌ನಗರದ ಶಿಬಿರಕ್ಕೆ ತಳ್ಳಿತು, ಹಂಚಿನ ಕಾರ್ಖಾನೆಗಳನ್ನು ಕೈಗೆ ತೆಗೆದುಕೊಂಡಿತು. ಅಜ್ಜ ಆ ಕತೆ ಹೇಳುವಾಗ ಬೈಗುಳವೂ ಸೇರುತ್ತಿತ್ತು. ಆದರೂ ಆ ಚರ್ಚಿನ ಪರವಾಗಿ ನಾನೇ ಬರೆಯುತ್ತೇನೆ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವ ನಾನು, ಅದರ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ.

ಒಮ್ಮೆ ಪಂಪಿನ ಬಿಡಿಭಾಗ ಬರುವವರೆಗೆ ಇಮಿಂಗ್‌ಹ್ಯಾಮ್ ಬಂದರಿನಲ್ಲಿ ಕಟ್ಟಿ ಬಿದ್ದಿದ್ದೆವು. ಇಂಗ್ಲೆಂಡಿನ ಪೂರ್ವ ಕರಾವಳಿ, ಗ್ರಿಮ್ಸ್‌ಬಿ ಹತ್ತಿರ. ಭಾನುವಾರ ಹೊತ್ತು ಹೋಗದೆ ಊರಿನ ಹಳೇ ದೇವಾಲಯಕ್ಕೆ ಸಂಜೆಯ ಆರಾಧನೆಗೆ ಹೋದೆ. ಏಳೆಂಟು ಮುದುಕಿಯರು, ನಾನು, ಕಾರ್ಡಿಗನ್ ಮೇಲೆಯೇ ನಿಲುವಂಗಿ ಹಾಕಿಕೊಂಡ ಪಾದ್ರಿ. ಹೀಟರು ಗುರ್ರ್ ಅನ್ನುತ್ತಿತ್ತು, ಬಿಸಿ ಮಾತ್ರ ಬರುತ್ತಿರಲಿಲ್ಲ. ಪ್ರಸಂಗಕ್ಕೆ ಮೊದಲು ಅವರು ಒಂದು ಪುಸ್ತಕ ತೆರೆದು ಮದುವೆ ಪ್ರಕಟಣೆ ಓದಿದರು: ಇಂಥವನಿಗೂ ಇಂಥವಳಿಗೂ ಮದುವೆ, ಅಡ್ಡಿ ಇದ್ದವರು ಹೇಳಿ. ನಮ್ಮಲ್ಲೂ ಮೂರು ಭಾನುವಾರ ಓದುತ್ತಾರಲ್ಲ, ಅದೇ. ನಮ್ಮಲ್ಲಿ ಓದುವಾಗ ಎಲ್ಲರೂ ತಿರುಗಿ ಆ ಹುಡುಗಿ ಎಲ್ಲಿ ಕೂತಿದ್ದಾಳೆ ಅಂತ ನೋಡುತ್ತಾರೆ. ಅಲ್ಲಿ ಯಾರೂ ತಿರುಗಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಕೇಳಿದೆ, ಮದುಮಕ್ಕಳು ಬಂದಿಲ್ಲವಾ ಅಂತ. ಪಾದ್ರಿ ನಕ್ಕು ಅಂದರು: ಅವರು ಈ ಕಡೆ ತಲೆ ಹಾಕುವುದೇ ಇಲ್ಲ, ಹುಡುಗನಿಗೆ ದೇವರ ಮೇಲೆ ನಂಬಿಕೆಯೂ ಇಲ್ಲ. ಮತ್ತೆ ಹೇಗೆ ಮದುವೆ? ‘ಮೀನು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವಳ ಮನೆ, ಅಷ್ಟು ಸಾಕು’ ಅಂದರು.

ನನಗೆ ಕೂತಲ್ಲೇ ಆಶ್ಚರ್ಯ. ಇಲ್ಲಿ ನಮ್ಮ ತಂಗಿಯ ಮಗನ ಮದುವೆಗೆ ಏನೆಲ್ಲ ಆಯಿತು ಗೊತ್ತಾ? ಮುಂಬೈಯ ಒಂದು ಸಭೆ, ಹೆಸರು ಬೇಡ. ದೀಕ್ಷಾಸ್ನಾನದ ಸರ್ಟಿಫಿಕೇಟ್ ತನ್ನಿ, ಊರಿನ ಸಭಾಪಾಲಕರ ಪತ್ರ ತನ್ನಿ, ಬಾಕಿ ಚಂದಾ ಕಟ್ಟಿ, ಹುಡುಗಿ ಬೇರೆ ಪಂಗಡದವಳು ಆದ್ದರಿಂದ ಕಮಿಟಿಯಲ್ಲಿ ಇಡಬೇಕು. ಕಮಿಟಿ ಸೇರುವಷ್ಟರಲ್ಲಿ ಹಾಲ್ ಬುಕಿಂಗ್ ತಪ್ಪಿತು. ನಾವು ತಲೆಮಾರುಗಳಿಂದ ಕ್ರೈಸ್ತರು ಮಾರಾಯ್ರೇ!

ಅದು ಆ ಪಾದ್ರಿಯ ಉದಾರತೆಯಲ್ಲ, ಇಂಗ್ಲೆಂಡಿನ ಕಾನೂನು. ನೆಲವನ್ನೆಲ್ಲ ಸುಮಾರು 12,500 ಪ್ಯಾರಿಷ್‌ಗಳಾಗಿ, ಅಂದರೆ ಊರಿನ ದೇವಾಲಯದ ವ್ಯಾಪ್ತಿಗಳಾಗಿ, ಹಂಚಿದ್ದಾರೆ, ಒಂದು ಅಂಗುಲವೂ ಹೊರಗಿಲ್ಲ. ಆ ಗಡಿಯೊಳಗೆ ಮನೆ ಇದ್ದವನಿಗೆ ಆ ಪ್ಯಾರಿಷ್ ದೇವಾಲಯದಲ್ಲಿ ಮದುವೆಯಾಗುವ ಹಕ್ಕಿದೆ. ಸದಸ್ಯತ್ವ ಬೇಡ, ದೀಕ್ಷಾಸ್ನಾನ ಬೇಡ. ವಿಚ್ಛೇದನ ಆಗಿ ಹಳೆಯ ಜೋಡಿ ಬದುಕಿದ್ದರೆ ಮಾತ್ರ ಪಾದ್ರಿ ಆಗುವುದಿಲ್ಲ ಅನ್ನಬಹುದು. ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಗೆ 2013ರ ಕಾನೂನು ಈ ಚರ್ಚಿನ ಬಾಗಿಲು ತೆರೆದಿಲ್ಲ, ಅದರ ಜಗಳ ಇನ್ನೂ ನಡೆಯುತ್ತಿದೆ. ಸಾವಿಗೂ ಹಾಗೇ. ಸ್ಮಶಾನದಲ್ಲಿ ಜಾಗ ಇರುವವರೆಗೆ ಆ ಪ್ಯಾರಿಷ್‌ನವರಿಗೆ, ಅಲ್ಲೇ ಬಂದು ಸತ್ತವರಿಗೂ, ಮಣ್ಣಾಗುವ ಹಕ್ಕಿದೆ. ಬಂದರಿನಲ್ಲಿ ಸತ್ತ ನಾವಿಕನಿಗೂ ಅಂತ ಆಯಿತು. ಹಡಗಿನವನಾದ ನನಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಈಗ ಪ್ರಸಾದರೇ, ನೀವು ಹೇಳಿದ ಅಂಕಿ ಎಲ್ಲ ಸರಿ. ಆದರೆ ಭಾನುವಾರ ಬರುವವರ ತಲೆ ಎಣಿಸಿ ಚರ್ಚು ಬೇಕಾ ಬೇಡವಾ ಅಂತ ತೀರ್ಮಾನಿಸುವುದು, ಈ ತಿಂಗಳು ಬೆಂಕಿ ಬೀಳಲಿಲ್ಲ ಅಂತ ಫೈರ್ ಬ್ರಿಗೇಡ್ ಮುಚ್ಚಿದ ಹಾಗೆ. ಬಾರದವನಿಗೂ ಋಣ ಇಟ್ಟುಕೊಂಡ ಸಂಸ್ಥೆ ಅದು. ನಾಳೆ ಸರ್ಕಾರದ ನಂಟು ಕಡಿದರೆ ಅದೂ ನಮ್ಮ ಸಭೆಗಳ ಹಾಗೆ ಸದಸ್ಯರ ಕ್ಲಬ್ಬಾಗುತ್ತದೆ: ಚಂದಾ ಪುಸ್ತಕ, ಕಮಿಟಿ, ಸಾಲದ್ದಕ್ಕೆ ಕೋರ್ಟು ಕೇಸು. ಆಸ್ತಿ ಜಗಳ ಹೇಗಿರುತ್ತದೆ ಅಂತ ಮುಂಬೈ, ಪುಣೆಯ ಪ್ರೊಟೆಸ್ಟೆಂಟರಿಗೆ ಹೇಳಿಕೊಡಬೇಕಾಗಿಲ್ಲ.

‘ಹೆಂಡತಿ ಬಿಡಲಿಕ್ಕೆ ಕಟ್ಟಿದ ಚರ್ಚು’ ಅನ್ನುವುದು ಅರ್ಧ ಕತೆ. ಈ ಚರ್ಚಿನ ಪ್ರಧಾನ ಪೀಠ ಇರುವ ಕ್ಯಾಂಟರ್‌ಬರಿಗೆ ಅಗಸ್ಟಿನ್ ಅನ್ನುವ ಮಿಶನರಿ ಬಂದದ್ದು 597ರಲ್ಲಿ. ಆ ಪೀಠದ ಎಣಿಕೆ ಇವತ್ತಿಗೂ ಅವನಿಂದಲೇ. ಎಂಟನೇ ಹೆನ್ರಿ 1534ರಲ್ಲಿ ಪೋಪನ ಅಧಿಕಾರ ಕತ್ತರಿಸಿದ, ಹೌದು, ಸ್ವಾರ್ಥಕ್ಕೇ. ಮಗಳು ಮೇರಿ ಬಂದು ಅದನ್ನೆಲ್ಲ ರದ್ದು ಮಾಡಿ ರೋಮಿಗೆ ಮರಳಿದಳು. ಈಗ ಇರುವ ಏರ್ಪಾಡಿನ ಪಾಯ 1559ರಲ್ಲಿ ಎಲಿಜಬೆತ್ ಹಾಕಿದ್ದು. ಅವಳಿಗೆ ಹೆಂಡತಿ ಬಿಡುವ ಕಷ್ಟ ಇರಲಿಲ್ಲ! ಹಳೇ ಕ್ಯಾಥೊಲಿಕ್ ಒಲವಿನವರು, ಪ್ರೊಟೆಸ್ಟೆಂಟರು, ಎರಡು ಕಡೆಯವರೂ ಒಂದೇ ಛಾವಣಿ ಕೆಳಗೆ ಪ್ರಾರ್ಥನೆ ಮಾಡಲಿ ಅನ್ನುವುದು ಅವಳ ಲೆಕ್ಕ.

ದುಡ್ಡಿನ ವಿಷಯ ನಮ್ಮವರಿಗೆ ಗೊತ್ತೇ ಇಲ್ಲ. ಇಂಗ್ಲೆಂಡಿನ ಪ್ಯಾರಿಷ್ ಪಾದ್ರಿಗೆ ಸರ್ಕಾರ ಸಂಬಳ ಕೊಡುವುದಿಲ್ಲ. ಚರ್ಚಿನ ಹಳೇ ನಿಧಿ ಮತ್ತು ಜನರ ಕಾಣಿಕೆಯಿಂದ ನಡೆಯುತ್ತದೆ. ಕಡ್ಡಾಯ ಚರ್ಚ್ ತೆರಿಗೆ 1868ರಲ್ಲೇ ಹೋಯಿತು. ಅದೇ ಜರ್ಮನಿ ನೋಡಿ: 1919ರ ಸಂವಿಧಾನದಲ್ಲಿ ಸರ್ಕಾರಿ ಚರ್ಚ್ ಇಲ್ಲ ಅಂತ ಬರೆದರು, ಆದರೆ ಇವತ್ತಿಗೂ ಚರ್ಚಿನ ಸದಸ್ಯರಿಂದ ತೆರಿಗೆ ವಸೂಲು ಮಾಡಿ ಚರ್ಚಿಗೆ ಕೊಡುವುದು ಸರ್ಕಾರದ ತೆರಿಗೆ ಇಲಾಖೆಯೇ. ಹೆಸರಿಗೆ ಬೇರೆ, ಗಲ್ಲಾಪೆಟ್ಟಿಗೆ ಒಂದೇ.

ಮೊಮ್ಮಗಳ ಶಾಲೆ. ಅಮ್ಮನವರಿಗೆ ಹೇಳಿ, ಊಟ ಮಾಡಲಿ. ಬಡ ಮಕ್ಕಳಿಗೆ ಶಾಲೆ ಕಟ್ಟಲು ಈ ಚರ್ಚಿನವರು 1811ರಲ್ಲೇ ಸಂಘ ಕಟ್ಟಿದರು, ಸರ್ಕಾರ ಪ್ರೈಮರಿ ಶಾಲೆ ಕಟ್ಟಲು ಕಾನೂನು ತಂದದ್ದು 1870ರಲ್ಲಿ. ಅದಕ್ಕೇ ಹಳ್ಳಿಹಳ್ಳಿಯಲ್ಲಿ ಇವರ ಬೋರ್ಡು. ಪ್ರಾರ್ಥನಾ ಸಭೆಗೆ, ಧರ್ಮದ ಪಾಠಕ್ಕೆ ಮಗುವನ್ನು ಕಳಿಸುವುದಿಲ್ಲ ಅಂತ ತಂದೆತಾಯಿ ಹೇಳಬಹುದು, ಕಾನೂನಿನಲ್ಲೇ ಹಕ್ಕಿದೆ. ತಮಾಷೆ ಅಂದರೆ ದಿನದ ಸಾಮೂಹಿಕ ಪ್ರಾರ್ಥನೆಯ ನಿಯಮ ಚರ್ಚ್ ಬೋರ್ಡು ಇಲ್ಲದ ಸರ್ಕಾರಿ ಶಾಲೆಗಳಿಗೂ ಇದೆ. ಮಗನಿಗೆ ಹೇಳಿ, ಶಾಲೆ ‘ಕಂಟ್ರೋಲ್ಡ್’ ಬಗೆಯದ್ದಾ ‘ಏಡೆಡ್’ ಬಗೆಯದ್ದಾ ವಿಚಾರಿಸಲಿ. ಮೊದಲನೆಯದರಲ್ಲಿ ಧರ್ಮದ ಪಾಠ ಸಾಮಾನ್ಯವಾಗಿ ಆ ಜಿಲ್ಲೆಯ ಎಲ್ಲ ಮತದವರೂ ಕೂತು ಒಪ್ಪಿದ ಪಠ್ಯದ ಪ್ರಕಾರ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ನಾಟಕಕ್ಕೆ ನಿಮ್ಮ ಮೊಮ್ಮಗಳನ್ನು ಕುರಿ ಮಾಡುತ್ತಾರೆ, ಹತ್ತಿಯ ಬಾಲ ಹಚ್ಚುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ನನಗೆ ಕಾಣುವುದಿಲ್ಲ.

ಬೀದರ್ ಮೆಥಡಿಸ್ಟ್, ಪುಣೆ:

ಅಣ್ಣಾವ್ರೆ ಛಲೋ ಬರದೀರಿ, ಆದ್ರ ನಮ್ಮಂಥವ್ರ ಲೆಕ್ಕಾನೂ ಹೇಳ್ರಿ. ಆ ಚರ್ಚಿಗೆ ಸೇರದ ಪ್ರೊಟೆಸ್ಟೆಂಟರ ಗತಿ ಏನಾಗಿತ್ತು? ಜಾನ್ ಬನಿಯನ್ ಪರವಾನಗಿ ಇಲ್ಲದ ಉಪದೇಶ ಮಾಡಿದ ಅಂತ ಬೆಡ್‌ಫರ್ಡ್ ಜೈಲಿನ್ಯಾಗ 12 ವರ್ಷ ಕುಂತ. 1828ರ ತನಕ ಕಾನೂನಿನ ಪ್ರಕಾರ ಸರ್ಕಾರಿ ಹುದ್ದೆಗೆ ಇವರ ಪ್ರಭು ಭೋಜನ ತಗೊಂಡಿರಬೇಕಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಪೂರ್ತಿ ತೆರದದ್ದು 1871ಕ್ಕ. ನಮ್ಮ ಮೆಥಡಿಸ್ಟ್ ಪಂಥ ಹುಟ್ಟಿಸಿದ ಜಾನ್ ವೆಸ್ಲಿ ಸಾಯೂತನಕ ಇವರ ಪಾದ್ರೀನೇ, ಆದರೂ ಎಷ್ಟೋ ಕಡೆ ಅವನಿಗೆ ಇವರ ವೇದಿಕೆ ಕೊಡಲಿಲ್ಲ, ಬಯಲಾಗ ನಿಂತು ಬೋಧಿಸಿದ. ಇಲ್ಲಿ ಪುಣೆ ಕ್ಯಾಂಪಿನ ಸೇಂಟ್ ಮೇರೀಸ್ ನೋಡ್ರಿ, 1825ರದ್ದು, ಬಿಷಪ್ ಹೀಬರ್ ಬಂದು ಪ್ರತಿಷ್ಠೆ ಮಾಡಿದ್ದು. ಅದು ಗೋರಾ ಪಲ್ಟನ್ನಿನ ಚರ್ಚು. ಸುತ್ತಲಿನ ಪೇಠದ ಮಂದಿಗೆ ಅದರಾಗ ಯಾವ ಹಕ್ಕಿತ್ತು? ಪ್ಯಾರಿಷ್ ಅಂದ್ರ ಎಲ್ಲರದ್ದೂ ಅಂತೀರಲ್ಲ, ಇಲ್ಲಿ ಎಲ್ಲಿ ಹೋಗಿತ್ತು ಅದು?

ಮಡಗಾಂವಿನಿಂದ:

ಅಂಕಲ್, ನಾನು ಮಂಗಳೂರಿನ ಕ್ಯಾಥೊಲಿಕ್, ಮದುವೆಯಾಗಿ ಗೋವಾದಲ್ಲಿದ್ದೇನೆ. ನೀವು ಬರೆದದ್ದು ಓದಿ ಖುಷಿಯಾಯಿತು, ಒಪ್ಪಲು ಮಾತ್ರ ಆಗಲಿಲ್ಲ. ಇಲ್ಲಿ ಪೋರ್ಚುಗಲ್ ರಾಜನ ಪದ್ರುವಾದು ಇತ್ತು. ಬಿಷಪ್ಪರ ಹೆಸರು ಸೂಚಿಸುವವನು ರಾಜ, ಖರ್ಚು ಕೊಡುವವನು ರಾಜ. ಮತಭ್ರಷ್ಟರು ಅಂತ ಜನರನ್ನು ವಿಚಾರಿಸಿ ಶಿಕ್ಷಿಸುವ ಇನ್‌ಕ್ವಿಸಿಷನ್ 1560ರಿಂದ ಶುರು, ನಡುವೆ ಒಮ್ಮೆ ನಿಂತರೂ 1812ರವರೆಗೆ ನಡೆಯಿತು. ಅದು ಹೊರಗಿನವರಿಗೆ ಆದ ಅನ್ಯಾಯ. ಇಗರ್ಜಿಗೇ ಏನಾಯಿತು ಕೇಳಿ. 1759ರಲ್ಲಿ ಪೋರ್ಚುಗಲ್ ಸರ್ಕಾರವೇ ಜೆಸುಯಿಟರನ್ನು ಓಡಿಸಿತು. 1835ರಲ್ಲಿ ಉಳಿದ ಸನ್ಯಾಸಿ ಸಂಘಗಳನ್ನೂ ಗೋವಾದಿಂದ ಎಬ್ಬಿಸಿತು.

ಹಳೇ ಗೋವಾಕ್ಕೆ ಬಂದವರೆಲ್ಲ ಬಾಂ ಜೀಸಸ್ ನೋಡಿ ಹಿಂತಿರುಗುತ್ತಾರೆ. ಎದುರಿನ ದಿಣ್ಣೆ ಹತ್ತಿದರೆ ಸಂತ ಅಗಸ್ಟಿನರ ಗೋಪುರ ಇದೆ, ಅರ್ಧ ಮಾತ್ರ ನಿಂತಿದೆ. ಕೆಂಪು ಮುರಕಲ್ಲು, ಗಿಳಿಗಳು ತೂತು ಹುಡುಕಿಕೊಂಡು ಗೂಡು ಮಾಡಿವೆ. ಕೆಳಗೆ ಗೋರಿಗಳ ಹಾಸುಗಲ್ಲಿನ ಮೇಲೆ ಮಳೆನೀರು ನಿಲ್ಲುತ್ತದೆ. ಸನ್ಯಾಸಿಗಳನ್ನು ಎಬ್ಬಿಸಿದ ಮೇಲೆ ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಅದರ ಕಮಾನು ಕುಸಿಯಿತು. ಅದನ್ನು ಕೆಡವಿದ್ದು ಶತ್ರುಗಳಲ್ಲ, ಪೋಷಕರೇ. ಸರ್ಕಾರದ ತೊಡೆ ಮೇಲೆ ಕೂತರೆ ಅದು ಎದ್ದಾಗ ನಾವು ಬೀಳುತ್ತೇವೆ.

ಇಂಗ್ಲೆಂಡಿನದ್ದೂ ಬೇರೆಯೇನಲ್ಲ. 1927ರಲ್ಲಿ ಒಮ್ಮೆ, 1928ರಲ್ಲಿ ಮತ್ತೊಮ್ಮೆ, ಚರ್ಚ್ ತಾನೇ ತಿದ್ದಿದ ಪ್ರಾರ್ಥನಾ ಪುಸ್ತಕವನ್ನು ಪಾರ್ಲಿಮೆಂಟ್ ತಿರಸ್ಕರಿಸಿತು. ಹೇಗೆ ಪ್ರಾರ್ಥಿಸಬೇಕು ಅಂತ ಎಂಪಿಗಳ ಓಟಿನಲ್ಲಿ ತೀರ್ಮಾನ! ಇದನ್ನು ನೀವು ಸಮರ್ಥಿಸುತ್ತೀರಾ?

ಡೊಂಬಿವಲಿ ರಾವ್:

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮಗ ವಿಚಾರಿಸಿದ, ಕಂಟ್ರೋಲ್ಡ್ ಬಗೆಯ ಶಾಲೆಯೇ ಅಂತೆ. ತರಗತಿಯಲ್ಲಿ ದೀಪಾವಳಿಯನ್ನೂ ಮಾಡುತ್ತಾರಂತೆ. ನಮ್ಮ ಮನೆಯಾಕೆ ಈಗ ‘ಕುರಿ ಯಾಕೆ, ದೇವದೂತೆ ಮಾಡಲಿ’ ಅನ್ನುವ ಮಟ್ಟಕ್ಕೆ ಬಂದಿದ್ದಾಳೆ.

ಬಲ್ಮಠದವರೇ, ಆ 26 ಬಿಷಪ್ಪರ ವಿಷಯಕ್ಕೆ ನೀವು ಕೈ ಹಾಕಲೇ ಇಲ್ಲ. ಪ್ರಸಾದರು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ.

ಥಾಣೆ ಪ್ರಸಾದ್:

ಅದೇ! ಇನ್ನೊಂದು ಸೇರಿಸಿ: ಕ್ರೈಸ್ತ ಬೇಸಿಗೆ ಶಿಬಿರಗಳಿಗೆ ಬಂದ ಹುಡುಗರನ್ನು ಹಿಂಸಿಸಿದವನ ವಿಷಯ ಸರಿಯಾಗಿ ನಿಭಾಯಿಸಲಿಲ್ಲ ಅಂತ ವರದಿ ಬಂದು, 2024ರ ನವೆಂಬರಿನಲ್ಲಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯೇ ರಾಜೀನಾಮೆ ಘೋಷಿಸಬೇಕಾಯಿತು. ಅವರಿಗೂ ಮೇಲ್ಮನೆಯಲ್ಲಿ ಸೀಟಿತ್ತು. ಮತ್ತೆ, ಐರ್ಲೆಂಡಿನಲ್ಲಿ, ವೇಲ್ಸ್‌ನಲ್ಲಿ ಇದೇ ಚರ್ಚಿನ ನಂಟು ಕಡಿದರು. ಆಕಾಶ ಏನೂ ಕಳಚಿ ಬೀಳಲಿಲ್ಲವಲ್ಲ?

ಬಲ್ಮಠದವ, ಬೈಕಲಾ:

ಒಬ್ಬೊಬ್ಬರಿಗೇ ಹೇಳುತ್ತೇನೆ. ಕರೆಂಟು ಹೋಗುವ ಮೊದಲು ಮುಗಿಸಬೇಕು.

ಬೀದರಿನ ತಮ್ಮಾ, ನೀವು ಹೇಳಿದ ಒಂದು ಅಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ 1828ರಲ್ಲಿ ಹುದ್ದೆ, 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟ್, 1858ರಲ್ಲಿ ಯೆಹೂದ್ಯರಿಗೆ, 1871ರಲ್ಲಿ ವಿಶ್ವವಿದ್ಯಾಲಯ: ಈ ಬಾಗಿಲುಗಳೆಲ್ಲ ತೆರೆದದ್ದು ಚರ್ಚ್ ಅದೇ ಸ್ಥಾನದಲ್ಲಿ ಇರುವಾಗಲೇ. ಬಿಷಪ್ಪರಲ್ಲಿ ಬಹಳ ಮಂದಿ ಕಾಲು ಅಡ್ಡ ಕೊಟ್ಟರು, ಅದೂ ನಿಜ. ಬೇರೆಯವರನ್ನು ಹೊರಗಿಡುವ ಕಾನೂನು ಹೋಯಿತು, ಎಲ್ಲರಿಗೂ ಸೇವೆ ಮಾಡುವ ಕರ್ತವ್ಯ ಉಳಿಯಿತು. ನಾನು ಪರ ನಿಂತಿರುವುದು ಹೀಗೆ ಸೋಸಿ ಉಳಿದದ್ದಕ್ಕೆ, ಬನಿಯನ್‌ನ ಜೈಲಿಗಲ್ಲ.

ಇಲ್ಲಿನ ಚರ್ಚಿನ ಬಗ್ಗೆ ಕೇಳಿದ್ದು ಸರಿಯಾದ ಪೆಟ್ಟು. ಫೋರ್ಟಿನ ಸೇಂಟ್ ಥಾಮಸ್ ಕೆಥೆಡ್ರಲ್ 1718ರ ಕ್ರಿಸ್‌ಮಸ್‌ಗೆ ತೆರೆದದ್ದು. ನಾವು ದಿನಾ ಚರ್ಚ್‌ಗೇಟ್ ಅಂತ ಇಳಿಯುತ್ತೇವಲ್ಲ, ಕೋಟೆಯ ಆ ಬಾಗಿಲಿಗೆ ಹೆಸರು ಬಂದದ್ದು ಅದರಿಂದಲೇ. ಒಳಗೆ ಹೋಗಿ ಗೋಡೆ ನೋಡಿ, ಕಂಪನಿಯ ಅಧಿಕಾರಿಗಳು, ಕ್ಯಾಪ್ಟನ್‌ಗಳು, ಅವರ ಹೆಂಡಂದಿರು, ಎಲ್ಲ ಅಮೃತಶಿಲೆಯಲ್ಲಿ. ಇಲ್ಲಿ ಸರ್ಕಾರಿ ಸಂಬಳದ ಪಾದ್ರಿಗಳಿದ್ದರು, ಚಾಪ್ಲಿನ್‌ಗಳು ಅಂತ, ನಮ್ಮ ತೆರಿಗೆಯಿಂದ. ಅಂದರೆ ಇಂಗ್ಲೆಂಡಿನಲ್ಲಿ ಇಲ್ಲದ ಸಂಬಳ ಇಲ್ಲಿತ್ತು, ಅಲ್ಲಿದ್ದ ಪ್ಯಾರಿಷ್ ಹಕ್ಕು ಇಲ್ಲಿರಲಿಲ್ಲ. ಇಂಥದ್ದನ್ನು ಕಡಿಯಬೇಕಾದದ್ದೇ. 1927ರ ಕಾನೂನಿನಿಂದ 1930ರಲ್ಲಿ ಇಲ್ಲಿನ ಚರ್ಚ್ ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾಯಿತು, 1970ರಲ್ಲಿ ನಾಗಪುರದಲ್ಲಿ ಬೇರೆ ಪಂಗಡಗಳೊಂದಿಗೆ ಸೇರಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆಯಿತು. ಒಳ್ಳೆಯದಾಯಿತು. ಐರ್ಲೆಂಡಿನದ್ದೂ ಹೀಗೇ. ಅಲ್ಲಿ ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಅವರ ತಲೆ ಮೇಲೆ ಇನ್ನೊಬ್ಬರ ಚರ್ಚ್ ಕೂರಿಸಿದ್ದರು. 1869ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅದನ್ನು ಕಿತ್ತದ್ದು ನ್ಯಾಯ. ಆತ ಸ್ವತಃ ಆ ಚರ್ಚಿನ ಭಕ್ತ ಅನ್ನುವುದು ನೆನಪಿರಲಿ.

ಮಡಗಾಂವಿನ ಅಮ್ಮಾ, ಅಗಸ್ಟಿನರ ಗೋಪುರ ನಾನೂ ನೋಡಿದ್ದೇನೆ. ಹೆನ್ರಿ ಇಂಗ್ಲೆಂಡಿನ ಮಠಗಳಿಗೆ ಮಾಡಿದ್ದೂ ಅದೇ, 1536ರಿಂದ 1540ರ ಒಳಗೆ ಎಲ್ಲ ಖಾಲಿ. ನಿಮ್ಮ ಭಯ ಸುಳ್ಳಲ್ಲ. ಆದರೆ 1928ರ ಅವಮಾನದಲ್ಲೇ ಅವರು ಕೂತಿಲ್ಲ. 1974ರ ಕಾನೂನಿನಿಂದ ಆರಾಧನೆಯ ಕ್ರಮ ಚರ್ಚಿನ ಸ್ವಂತ ಆಡಳಿತ ಸಭೆಯಾದ ಸಿನೊಡ್ ಕೈಗೆ ಬಂತು. 2007ರಿಂದ ಪ್ರಧಾನಿ ಬಿಷಪ್ಪರನ್ನು ಆರಿಸುವುದನ್ನು ಬಿಟ್ಟರು. ಚರ್ಚ್ ಒಂದೇ ಹೆಸರು ಕೊಡುತ್ತದೆ, ಅದು ರಾಜನಿಗೆ ಹೋಗುತ್ತದೆ. ಎರಡು ಕಡೆಯೂ ಹಗ್ಗ ಸಡಿಲಿಸಿವೆ, ಬಿಟ್ಟಿಲ್ಲ. ಪದ್ರುವಾದಿಗೆ ಆ ಬುದ್ಧಿ ಬರಲಿಲ್ಲ. 1911ರಲ್ಲಿ ಪೋರ್ಚುಗಲ್ ಗಣರಾಜ್ಯ ತನ್ನ ದೇಶದಲ್ಲಿ ಚರ್ಚಿನ ನಂಟನ್ನು ಒಂದೇ ಏಟಿಗೆ ಕಡಿದು ಹಾಕಿತು.

ಪ್ರಸಾದರೇ, ವೆಲ್ಬಿ ವಿಷಯದಲ್ಲಿ ಸಮರ್ಥನೆ ಇಲ್ಲ, ಹುಡುಕುವುದೂ ಇಲ್ಲ. ಆದರೆ ಸರ್ಕಾರದ ನಂಟೇ ಇಲ್ಲದ ಚರ್ಚುಗಳಲ್ಲೂ ಇದೇ ಹೊಲಸು ನಡೆದಿದೆ. ಅದಕ್ಕೆ ಮದ್ದು ಹೊರಗಿನ ತನಿಖೆ. ನಂಟು ಕಡಿದ ಮಾತ್ರಕ್ಕೆ ವಾಸಿಯಾಗುವ ರೋಗವಲ್ಲ.

26 ಕುರ್ಚಿ. ರಾಯರೇ, ಇಲ್ಲಿ ನನ್ನ ಧ್ವನಿ ಸ್ವಲ್ಪ ಇಳಿಯುತ್ತದೆ. ಬಡ ಬೀದಿಗಳಲ್ಲೂ ಪಾದ್ರಿ ವಾಸ ಮಾಡುವ ಸಂಸ್ಥೆಯ ಮಾತು ಪಾರ್ಲಿಮೆಂಟಿಗೆ ಮುಟ್ಟುವುದು ಒಳ್ಳೆಯದು ಅನ್ನುವುದು ಹಳೇ ವಾದ. ಅದಕ್ಕೆ ಪುರಾವೆಯೂ ಇದೆ: 1985ರಲ್ಲಿ ನಗರಗಳ ಬಡತನದ ಬಗ್ಗೆ ಚರ್ಚ್ ತಂದ ವರದಿ ಥ್ಯಾಚರ್ ಸರ್ಕಾರದ ಕಣ್ಣು ಕೆಂಪಾಗಿಸಿತು, 2022ರಲ್ಲಿ ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಯೋಜನೆಯನ್ನು ಮೇಲ್ಮನೆಯ ಬಿಷಪ್ಪರು ಬಹಿರಂಗವಾಗಿ ಖಂಡಿಸಿದರು. ಸರ್ಕಾರದ ಸಾಕುನಾಯಿ ಹೀಗೆ ಬೊಗಳುವುದಿಲ್ಲ. ಆದರೂ ಆ 26 ಅನ್ನುವ ಸಂಖ್ಯೆ 1847ರಿಂದ ಹಾಗೇ ಕೂತಿದೆ. ಅದನ್ನು ಹತ್ತಕ್ಕೆ ಇಳಿಸಿ, ಹಿಂದೂ, ಮುಸ್ಲಿಂ, ಮೆಥಡಿಸ್ಟರನ್ನು ಕೂರಿಸಿ ಅಂದರೆ ನಾನು ಅಡ್ಡ ಬರುವವನಲ್ಲ.

ವೇಲ್ಸ್ ಉದಾಹರಣೆ ನೀವೇ ತಂದಿರಿ, ನನಗೆ ಅನುಕೂಲವಾಯಿತು. 1920ರಲ್ಲಿ ಅಲ್ಲಿ ನಂಟು ಕಡಿದರು. ಬಿಷಪ್ಪರು ಮೇಲ್ಮನೆ ಬಿಟ್ಟರು, ಹಳೇ ಆಸ್ತಿಯ ದೊಡ್ಡ ಪಾಲು ಕೌಂಟಿ ಕೌನ್ಸಿಲ್‌ಗಳಿಗೆ, ವಿಶ್ವವಿದ್ಯಾಲಯಕ್ಕೆ ಹೋಯಿತು. ಆದರೆ ಪ್ಯಾರಿಷ್ ನಿವಾಸಿ ತನ್ನ ಊರಿನ ದೇವಾಲಯದಲ್ಲಿ ಮದುವೆಯಾಗುವ ಹಕ್ಕು ಮಾತ್ರ ಹೋಗಲಿಲ್ಲ, ಮಣ್ಣಾಗುವ ಹಕ್ಕೂ ಹೋಗಲಿಲ್ಲ. ಇವತ್ತಿಗೂ ಕಾನೂನಿನಲ್ಲಿದೆ. ಕಡಿಯಲು ಹೊರಟವರೇ ಆ ಒಂದು ಎಳೆಗೆ ಕತ್ತರಿ ಹಾಕಲಿಲ್ಲ. ಇಂಗ್ಲೆಂಡಿಗೂ ಅಷ್ಟೇ ಮಾಡಿ ಅನ್ನುತ್ತೀರಾದರೆ ನಮ್ಮ ನಿಮ್ಮ ಜಗಳ ಬರೀ ಕುರ್ಚಿ ಲೆಕ್ಕದ್ದು. ಥಾಣೆಯಿಂದ ಬೈಕಲಾಕ್ಕೆ ಫಾಸ್ಟ್ ಲೋಕಲ್ ಇದೆ, ಬನ್ನಿ, ಮುಗಿಸೋಣ.